ಬ್ಲೂ-ಬ್ಲ್ಯಾಕ್ ಇಂಕು ಇದ್ದ ಪಾರದರ್ಶಕ ಫೌಂಟನ್ ಪೆನ್ನಿಗೆ ಡಯಮೈನ್ ಕಂಪನಿಯ ಕೆಂಪು ಇಂಕು ಆಕ್ಸ್‌ಬ್ಲಡ್ ನೇರವಾಗಿ ತುಂಬಬಹುದೇ?

ಇವತ್ತೇ ತುಂಬಬೇಡಿ. ಆಕ್ಸ್‌ಬ್ಲಡ್ ಒಳ್ಳೆಯ ಇಂಕು, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಇರುವುದು ನೀವು ಹೇಳಿದ ಪೆನ್ನಿನಲ್ಲಿ: ಒಳಗೆ ಹಳೆಯ ಬ್ಲೂ-ಬ್ಲ್ಯಾಕ್ ಉಳಿದಿದೆ, ಮೇಲಾಗಿ ಮೈ ಪಾರದರ್ಶಕ.

ಬ್ಲೂ-ಬ್ಲ್ಯಾಕ್ ಇಂಕುಗಳಲ್ಲಿ ಕೆಲವು ಕಬ್ಬಿಣದ ಲವಣ ಸೇರಿಸಿ ಮಾಡಿದ ಆಮ್ಲೀಯ ಇಂಕುಗಳು. ಕೆಂಪಿಗೆ ಹಿಂದಿನಿಂದಲೂ ಬಳಸುತ್ತ ಬಂದಿರುವ ಇಯೋಸಿನ್ ಎಂಬ ಬಣ್ಣಕ್ಕೆ ಆಮ್ಲ ತಾಗಿದರೆ ಅದು ನೀರಿನಲ್ಲಿ ಕರಗದೆ ಗಸಿಯಾಗಿ ಕೂರುತ್ತದೆ. ಆ ಗಸಿ ಫೀಡ್‌ನ (ನಿಬ್ಬಿನ ಅಡಿಯಲ್ಲಿದ್ದು ಅದಕ್ಕೆ ಇಂಕು ಹರಿಸುವ ಭಾಗ) ಕೂದಲೆಳೆಯಷ್ಟು ಸಣ್ಣ ಕಾಲುವೆಗೆ ಸಿಕ್ಕಿಕೊಂಡರೆ ಬರವಣಿಗೆ ನಿಂತಂತೆಯೇ. ಆದ್ದರಿಂದ ಕೆಂಪು ಇಂಕು ಯಾವುದೇ ಇರಲಿ, ಪೂರ್ತಿ ತೊಳೆದ ಪೆನ್ನಿಗೇ ಹಾಕಬೇಕು.

ತೊಳೆಯಲು ತಣ್ಣೀರು ಸಾಕು. ಕನ್ವರ್ಟರ್‌ನಿಂದ (ಪೆನ್ನಿನೊಳಗೆ ಇಂಕು ಎಳೆದು ತುಂಬಿಕೊಳ್ಳುವ ಕೊಳವೆ) ಹದಿನೈದು ಇಪ್ಪತ್ತು ಸಲ ನೀರು ಎಳೆದು ಬಿಡಿ, ಆಮೇಲೆ ನಿಬ್ಬಿನ ಭಾಗವನ್ನು ರಾತ್ರಿಯಿಡೀ ಲೋಟದ ನೀರಿನಲ್ಲಿ ನೆನೆಯಲು ಬಿಡಿ. ಬೆಳಿಗ್ಗೆ ನಿಬ್ಬನ್ನು ಟಿಶ್ಯೂಗೆ ಒತ್ತಿದಾಗ ಅಂಚಿನಲ್ಲಿ ನೀಲಿ ಕಂಡರೆ ಇನ್ನೊಂದು ಸುತ್ತು. ಹಟ ಹಿಡಿದ ಕಲೆಯಿದ್ದರೆ 200 ಮಿ.ಲೀ. ನೀರಿಗೆ ಒಂದೇ ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ತೊಳೆದು, ಬರಿ ನೀರಿನಲ್ಲಿ ಐದಾರು ಸಲ ಜಾಲಿಸಿ. ಸೋಪು ಉಳಿದರೆ ಇಂಕು ಹಾಳೆಯ ಮೇಲೆ ಬೇರು ಬಿಟ್ಟ ಹಾಗೆ ಹರಡುತ್ತದೆ. ಬಿಸಿನೀರು, ಸ್ಪಿರಿಟ್ ಎರಡೂ ಬೇಡ, ಪ್ಲಾಸ್ಟಿಕ್ ಹಾಳಾಗುತ್ತದೆ. ನಿಬ್ಬನ್ನು ಟಿಶ್ಯೂ ಮೇಲೆ ಊರಿ ಪೂರ್ತಿ ಒಣಗಿಸುವುದನ್ನು ಮರೆಯಬೇಡಿ. ಒಳಗೆ ನೀರು ನಿಂತಿದ್ದರೆ ಮೊದಲ ಪುಟ ತೆಳುವಾಗಿ ಬರುತ್ತದೆ, ನೀವು ಇಂಕನ್ನೇ ತಪ್ಪು ತಿಳಿಯುತ್ತೀರಿ.

ಪೆನ್ನು ಒಣಗುವಷ್ಟರಲ್ಲಿ ಅದ್ದಿ ಬರೆಯುವ ನಿಬ್ಬಿನಲ್ಲೋ ಗಾಜಿನ ಪೆನ್ನಿನಲ್ಲೋ ಪರೀಕ್ಷೆ ಮಾಡಿ. ಅದ್ದಿದ ಮೇಲೆ ಬಾಟಲಿಯ ಬಾಯಿಗೆ ತಾಗಿಸಿ ಹೆಚ್ಚಿನ ಇಂಕು ಇಳಿಸಿ, ಇಲ್ಲವಾದರೆ ಬಣ್ಣ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ. ಆಕ್ಸ್‌ಬ್ಲಡ್ ದಪ್ಪ ಗೆರೆಯಲ್ಲಿ ಹೆಪ್ಪುಗಟ್ಟಿದ ನೆತ್ತರಿನಂತೆ ಕಡುಗೆಂಪು, ಸಣ್ಣ ನಿಬ್ಬಿನಲ್ಲಿ ಕೊಂಚ ತಿಳಿ. ಹತ್ತು ನಿಮಿಷ ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ನೋಡಿಯೇ ತೀರ್ಮಾನಿಸಿ. ಉತ್ತರ ಪತ್ರಿಕೆ ತಿದ್ದಲು ಎದ್ದು ಕಾಣುವ ಕೆಂಪು ಬೇಕಿದ್ದರೆ ಇದು ಸರಿಹೊಂದುವುದಿಲ್ಲ. ದಿನಚರಿಗೆ, ಪತ್ರಕ್ಕೆ ಇದರಷ್ಟು ಚೆಲುವಾದ ಕೆಂಪು ಅಪರೂಪ.

ಪರೀಕ್ಷೆಗೆ ನೀವು ದಿನಾ ಬರೆಯುವ ಹಾಳೆಯನ್ನೇ ತೆಗೆದುಕೊಳ್ಳಿ. ತೆಳ್ಳನೆಯ ನೋಟ್‌ಬುಕ್ಕಿನಲ್ಲಿ ಇಂಕು ಹಿಂಬದಿಗೆ ಇಳಿಯುತ್ತದೆಯೇ ನೋಡಿ, ಪಕ್ಕದಲ್ಲಿ 80 ಜಿಎಸ್ಎಂ ಹಾಳೆಯಲ್ಲೂ ಅದೇ ಸಾಲು ಬರೆಯಿರಿ. ಐದೈದು ಸೆಕೆಂಡಿಗೊಂದು ಗೆರೆಯನ್ನು ಬೆರಳಿನಿಂದ ಸವರಿದರೆ ಒಣಗುವ ಹೊತ್ತು ಗೊತ್ತಾಗುತ್ತದೆ. ನುಣುಪು ಹಾಳೆಯಲ್ಲಿ ತಾಳ್ಮೆ ಬೇಕು, ಎಡಗೈಯವರಿಗೆ ಇನ್ನೂ ಹೆಚ್ಚು. ಒಂದು ಗೆರೆಯ ಮೇಲೆ ನೀರಿನ ಹನಿ ಬಿಟ್ಟು ನಿಮಿಷದ ಬಳಿಕ ಒತ್ತಿ ತೆಗೆಯಿರಿ: ಇದು ನೀರು ತಡೆಯುವ ಇಂಕಲ್ಲ, ಲಕೋಟೆಯ ವಿಳಾಸಕ್ಕೆ ಬಳಸಬೇಡಿ. ಬಹುಕಾಲ ಇಡಬೇಕಾದ ಬರಹವಾದರೆ ಮಾದರಿ ಹಾಳೆಯ ಅರ್ಧಕ್ಕೆ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಮೂರು ವಾರ ಇಟ್ಟು ಎರಡೂ ಬದಿ ಹೋಲಿಸಿ.

ಪಾರದರ್ಶಕ ಪೆನ್ನಿನ ವಿಷಯಕ್ಕೆ ಬಂದರೆ, ಗಾಢ ಕೆಂಪುಗಳು ಪ್ಲಾಸ್ಟಿಕ್ಕಿಗೂ ಕನ್ವರ್ಟರ್‌ನ ಒಳಗಿನ ರಬ್ಬರಿಗೂ ಗುಲಾಬಿ ಛಾಯೆ ಹಿಡಿಸಬಲ್ಲವು. ಬರವಣಿಗೆ ಕೆಡುವುದಿಲ್ಲ, ಅಂದ ಕೆಡುತ್ತದೆ. ನಾನಾದರೆ ಮೊದಲ ಸಲ ಮೈ ಕಾಣದ ಅಗ್ಗದ ಪೆನ್ನಿಗೆ ಸಿರಿಂಜಿನಿಂದ 0.3 ಮಿ.ಲೀ. ಮಾತ್ರ ಹಾಕುತ್ತೇನೆ. ಕ್ಯಾಪ್ ತೆಗೆದು ಒಂದು, ಮೂರು, ಐದು ನಿಮಿಷ ಬಿಟ್ಟು, ನಿಬ್ಬು ಒಣಗಿ ನಿಲ್ಲುತ್ತದೆಯೇ ಎಂದು ಬರೆದು ನೋಡಿ. ಮಾರನೆಯ ದಿನ ನಿಬ್ಬಿನ ಮೇಲೆ ಬಣ್ಣ ಕಟ್ಟಿಕೊಂಡಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ. ದಿನಾ ಕಟ್ಟಿಕೊಂಡರೆ ಬಾಟಲಿಯನ್ನು ಮುಟ್ಟದೆ, ಬೇರೆ ಶೀಶೆಯಲ್ಲಿ 1 ಮಿ.ಲೀ. ಇಂಕಿಗೆ ಎರಡು ಹನಿ ಡಿಸ್ಟಿಲ್ಡ್ ವಾಟರ್ ಬೆರೆಸಿ ತುಂಬಿ.