ಐದು ವಾರದಿಂದ ಇಲಿ ಮುಟ್ಟದ ಕಾರ್ನ್ ಸ್ನೇಕ್

ಪ್ರಶ್ನೆ: ಮಾನ್ಯರೇ, ನಾನು ಬದಿಯಡ್ಕ ಸಮೀಪದ ಹಳ್ಳಿಯಲ್ಲಿರುವ ಕಾಲೇಜು ವಿದ್ಯಾರ್ಥಿ. ಮೇ ತಿಂಗಳಲ್ಲಿ ಬೆಂಗಳೂರಿನ ಹವ್ಯಾಸಿಯೊಬ್ಬರಿಂದ ಏಳು ತಿಂಗಳ ಕಾರ್ನ್ ಸ್ನೇಕ್ ಮರಿಯೊಂದನ್ನು ತಂದು ಸಾಕುತ್ತಿದ್ದೇನೆ. ತಂದ ಮೇಲೆ ಎರಡು ಸಲ ಫ್ರೀಜರಿನ ಇಲಿಮರಿಯನ್ನು ತಿಂದಿತು. ಮಳೆ ಹಿಡಿದ ಮೇಲೆ ಐದು ವಾರಗಳಿಂದ ಏನನ್ನೂ ಮುಟ್ಟಿಲ್ಲ. ಎರಡು ದಿನಕ್ಕೊಮ್ಮೆ ಇಲಿಮರಿಯನ್ನು ಇಟ್ಟು ನೋಡುತ್ತಿದ್ದೇನೆ. ಅಡಿಕೆ ಕೊಟ್ಟಿಗೆಯಲ್ಲಿ ಬೋನಿಗೆ ಬಿದ್ದ ಜೀವಂತ ಇಲಿಯನ್ನೂ ಒಮ್ಮೆ ಬಿಟ್ಟೆ. ಹಾವು ಮೂಲೆಗೆ ಸರಿದು ಸುತ್ತಿಕೊಂಡಿತು. ಗಾಜಿನ ಟ್ಯಾಂಕ್ ಚಾವಡಿಯಲ್ಲಿ ಟಿ.ವಿ. ಪಕ್ಕದಲ್ಲಿದೆ. ಅಡಿಯಲ್ಲಿ ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಹಾಸು) ಇಟ್ಟು, ಒಳಗೆ ತೆಂಗಿನ ನಾರಿನ ಹುಡಿಯನ್ನು ದಪ್ಪಕ್ಕೆ ಹಾಸಿದ್ದೇನೆ. 38 ಗ್ರಾಂ ಇದ್ದ ತೂಕ ಈಗ 36 ಗ್ರಾಂ ಆಗಿದೆ. ಒಂದು ಗೆರಟೆಯಲ್ಲಿ ಹಾಲಿಟ್ಟರೆ ಕುಡಿದೀತು ಎಂದು ಅಜ್ಜಿ ಹೇಳುತ್ತಾರೆ. ಬಾಯಿ ಬಿಡಿಸಿ ತಿನ್ನಿಸಬೇಕೆ?

ಉತ್ತರ: ಬಾಯಿ ಬಿಡಿಸಬೇಡಿ. ಅನುಭವವಿಲ್ಲದವರು ಹಾಗೆ ಮಾಡಿದರೆ ಹಾವಿನ ಹಲ್ಲು, ಗಂಟಲುಗಳಿಗೆ ಗಾಯವಾಗುತ್ತದೆ. ಒಳಗೆ ಹೋದದ್ದೂ ಬಹಳ ಸಲ ವಾಂತಿಯಾಗಿ ಹೊರಗೆ ಬರುತ್ತದೆ. 38 ಗ್ರಾಮಿನಲ್ಲಿ 2 ಗ್ರಾಂ ಇಳಿಯುವುದೆಂದರೆ ನೂರಕ್ಕೆ ಐದರಷ್ಟು ಮಾತ್ರ, ಹಿಂದಿನ ಊಟದ ಮಲ ಹೊರಬಿದ್ದರೂ ಅಷ್ಟು ವ್ಯತ್ಯಾಸ ಕಾಣಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ; ತೂಕ 34 ಗ್ರಾಮಿನ ಹತ್ತಿರ ಬಂದರೆ, ಅಂದರೆ ನೂರಕ್ಕೆ ಹತ್ತರಷ್ಟು ಇಳಿದರೆ, ಆಗ ಪಶುವೈದ್ಯರ ಬಾಗಿಲು ತಟ್ಟಬೇಕು.

ತೂಕಕ್ಕಿಂತ ಬೋನಿನ ಇಲಿಯ ಸಂಗತಿಯೇ ನನ್ನನ್ನು ಹೆಚ್ಚು ಕಾಡಿತು. ಹೆದರಿದ ಇಲಿ ಹಾವನ್ನು ಕಚ್ಚಿ ಆಳವಾದ ಗಾಯ ಮಾಡಬಲ್ಲದು, ಅದರ ಮೈಯಲ್ಲಿ ಪರೋಪಜೀವಿಗಳೂ ಇರುತ್ತವೆ. ಅದಕ್ಕೂ ಮಿಗಿಲಾಗಿ, ನಮ್ಮ ಅಡಿಕೆ, ತೆಂಗಿನ ತೋಟಗಳಲ್ಲಿ ಇಲಿ ಪಾಷಾಣ ಇಡದ ಮನೆಗಳು ಕಡಿಮೆ. ಬ್ರೊಮಾಡಿಯೊಲೋನಿನಂಥ ವಿಷ ತಿಂದ ಇಲಿ ಸಾಯುವ ಮೊದಲು ಕೆಲವು ದಿನ ಓಡಾಡಿಕೊಂಡೇ ಇರುತ್ತದೆ. ನೀವು ವಿಷ ಇಡದಿದ್ದರೂ ಪಕ್ಕದ ತೋಟದವರು ಇಟ್ಟಿರಬಹುದು. ನಿಮ್ಮ ಹಾವು ಅಂದು ಮೂಲೆಗೆ ಸರಿದದ್ದೇ ಒಳ್ಳೆಯದಾಯಿತು.

ಇನ್ನು ಉಪವಾಸದ ಕಾರಣಕ್ಕೆ ಬರೋಣ. ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ರಾಜ್ಯಗಳ ಹಾವು. ನಮ್ಮ ಕೇರೆಯಂತೆ ವಿಷವಿಲ್ಲದ್ದು, ಆದರೆ ಕೇರೆಯಂತಲ್ಲದೆ ಇಲಿಯನ್ನು ಸುತ್ತಿ ಹಿಸುಕಿ ತಿನ್ನುವಂಥದ್ದು. ಟ್ಯಾಂಕಿನ ಒಂದು ಬದಿ 29ರಿಂದ 31 ಡಿಗ್ರಿ ಸೆಲ್ಸಿಯಸ್ ಇರಬೇಕು, ಇನ್ನೊಂದು ಬದಿ 24 ಡಿಗ್ರಿಯ ಆಸುಪಾಸಿನಲ್ಲಿ ತಂಪಾಗಿರಬೇಕು. ಹೊಟ್ಟೆಯ ಅಡಿಗೆ ಬಿಸಿ ಸಿಗದಿದ್ದರೆ ನುಂಗಿದ ಮಾಂಸ ಜೀರ್ಣವಾಗದೆ ಒಳಗೇ ಕೊಳೆಯುತ್ತದೆ. ಅದಕ್ಕಾಗಿ ತಣ್ಣಗಿರುವ ಹಾವು ಊಟವನ್ನೇ ಬಿಡುತ್ತದೆ. ಮೇ ತಿಂಗಳ ಸೆಕೆಯಲ್ಲಿ ಹೀಟ್ ಮ್ಯಾಟ್ ಕೆಲಸ ಮಾಡದಿದ್ದರೂ ನಿಮಗೆ ಗೊತ್ತಾಗಿರಲಾರದು. ಜೂನಿನಲ್ಲಿ ಜಡಿಮಳೆ ಸುರಿದು, ಗಾಳಿಗೆ ಕಂಗು ಲೈನಿನ ಮೇಲೆ ಬಿದ್ದು, ರಾತ್ರಿಯೆಲ್ಲ ಕರೆಂಟು ಇಲ್ಲವಾದಾಗ ಅದರ ಪರಿಣಾಮ ಹೊರಬಂದಿದೆ ಎಂಬುದು ನನ್ನ ಊಹೆ. ನಾರಿನ ಹುಡಿಯನ್ನು ದಪ್ಪಕ್ಕೆ ಹಾಸಿದ್ದೇನೆಂದು ಬರೆದಿದ್ದೀರಿ. ಆ ಪದರವೇ ಮ್ಯಾಟಿನ ಬಿಸಿಯನ್ನು ತಡೆಯುತ್ತದೆ, ಮಳೆಗಾಲದ ತೇವವನ್ನು ಹೀರಿ ಒದ್ದೆಯಾಗಿಯೂ ನಿಲ್ಲುತ್ತದೆ. ತೇವದ ಹಾಸಿನಲ್ಲಿ ದಿನಗಟ್ಟಲೆ ಬಿದ್ದುಕೊಂಡ ಹಾವಿಗೆ ಹೊಟ್ಟೆಯ ಹುರುಪೆಗಳು ಹುಣ್ಣಾಗುವುದುಂಟು, ಶ್ವಾಸಕೋಶದ ಸೋಂಕು ತಗಲುವುದೂ ಉಂಟು.

ಆದ್ದರಿಂದ ಮಳೆ ಕಡಿಮೆಯಾಗುವವರೆಗೆ ಹುಡಿಯನ್ನು ತೆಗೆದು ಹಳೆಯ ಪತ್ರಿಕೆಯನ್ನು ಹಾಸಿ, ಒದ್ದೆಯಾದೊಡನೆ ಬದಲಾಯಿಸಿ. ಮ್ಯಾಟ್ ನೆಲದ ಮೂರನೆಯ ಒಂದು ಪಾಲಿಗೆ ಮಾತ್ರ ಇರಲಿ. ಅದಕ್ಕೆ ಥರ್ಮೋಸ್ಟಾಟ್ ಇಲ್ಲದಿದ್ದರೆ ಇಂದೇ ತನ್ನಿ, ಏಕೆಂದರೆ ನಿಯಂತ್ರಣವಿಲ್ಲದ ಮ್ಯಾಟ್ ಹಾವಿನ ಹೊಟ್ಟೆಯನ್ನೇ ಸುಟ್ಟೀತು. ಗಾಜಿಗೆ ಅಂಟಿಸುವ ದುಂಡು ಮಾಪಕವನ್ನು ನಂಬಬೇಡಿ. ತಂತಿಯ ತುದಿಯಿರುವ ಡಿಜಿಟಲ್ ಥರ್ಮಾಮೀಟರನ್ನು ಹಾವು ಮಲಗುವ ಜಾಗದಲ್ಲೇ ಇಟ್ಟು ನೋಡಿ. ಕರೆಂಟು ಹೋದ ರಾತ್ರಿ ಬಿಸಿನೀರು ತುಂಬಿದ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಟ್ಯಾಂಕಿನ ಹೊರಮೈಗೆ ಒತ್ತಿ ಇಟ್ಟರೂ ಸ್ವಲ್ಪ ಹೊತ್ತು ಸಾಗುತ್ತದೆ.

ಟ್ಯಾಂಕ್ ಚಾವಡಿಯಲ್ಲಿರುವುದೂ ಸರಿಯಲ್ಲ. ಟಿ.ವಿ.ಯ ಬೆಳಕು ಮತ್ತು ಅದುರು, ನೆಂಟರು ಬಂದಾಗಲೆಲ್ಲ ಗಾಜು ಬಡಿಯುವ ಮಕ್ಕಳು, ಇವುಗಳ ನಡುವೆ ಅಡಗಲು ಜಾಗವಿಲ್ಲದ ಮರಿ ಹಾವು ಊಟದ ಯೋಚನೆಯನ್ನೇ ಮಾಡದು. ಒಳಕೋಣೆಯೊಂದಕ್ಕೆ ಸಾಗಿಸಿ, ಗಾಜಿನ ಮೂರು ಬದಿಗೆ ಕಾಗದ ಅಂಟಿಸಿ. ಬಿಸಿ ಬದಿಗೊಂದು, ತಂಪು ಬದಿಗೊಂದು ಅಡಗುತಾಣ ಬೇಕು. ಪೇಟೆಯಿಂದ ತರುವ ಅಗತ್ಯವಿಲ್ಲ. ಅಜ್ಜಿ ಹಾಲಿಗೆಂದು ಹೇಳಿದ ಗೆರಟೆಯನ್ನೇ ಕವುಚಿ, ಅಂಚಿನಲ್ಲಿ ಹಾವು ನುಸುಳುವಷ್ಟು ಕಂಡಿ ಕೊರೆದು, ಒರಟು ಅಂಚನ್ನು ಉಜ್ಜಿ ನಯಮಾಡಿದರೆ ಈ ಗಾತ್ರದ ಮರಿಗೆ ಧಾರಾಳವಾಯಿತು. ಒಣ ಅಡಿಕೆ ಹಾಳೆಯ ತುಂಡನ್ನು ಬಗ್ಗಿಸಿ ಇಟ್ಟರೂ ಆದೀತು. ಹಾಲನ್ನು ಮಾತ್ರ ಇಡಬೇಡಿ. ಬನದಲ್ಲಿ ನಾಗನ ಕಲ್ಲಿಗೆ ಹಾಲೆರೆಯುವುದು ಭಕ್ತಿಯ ಮಾತಾಯಿತು. ಹಾವಿನ ಹೊಟ್ಟೆಗೆ ಹಾಲು ಆಹಾರವಲ್ಲ, ಬಾಯಾರಿದ ಹಾವು ಕುಡಿದರೂ ಅದನ್ನು ಅರಗಿಸಿಕೊಳ್ಳಲಾರದು. ಶುದ್ಧ ನೀರಿನ ತಟ್ಟೆ ಸದಾ ಇರಲಿ.

ಇಷ್ಟು ಮಾಡಿದ ಮೇಲೆ ಹತ್ತು ದಿನ ಹಾವನ್ನು ಅದರ ಪಾಡಿಗೆ ಬಿಟ್ಟುಬಿಡಿ. ನೀರು ಬದಲಿಸುವುದು, ಹೇಲು ತೆಗೆಯುವುದು ಬಿಟ್ಟು ಕೈ ಹಾಕಕೂಡದು, ಇಲಿಯನ್ನೂ ತೋರಿಸಕೂಡದು. ಎಲ್ಲದರಲ್ಲೂ ಇದೇ ಕಷ್ಟವಾದದ್ದೆಂದು ನಾನು ಬಲ್ಲೆ, ಆದರೆ ಎರಡು ದಿನಕ್ಕೊಮ್ಮೆ ಮೂಗಿನ ಮುಂದೆ ಇಲಿ ಅಲ್ಲಾಡಿಸಿದರೆ ಹಾವಿಗೆ ಅದು ಊಟವಾಗಿ ಕಾಣದೆ ಕಾಟವಾಗಿ ಕಾಣುತ್ತದೆ. ಈ ನಡುವೆ ಅದರ ಕಣ್ಣು ಹಾಲುನೀಲಿಗೆ ತಿರುಗಿ ಮೈಬಣ್ಣ ಮಂಕಾದರೆ ಪೊರೆ ಬಿಡುವ ಹೊತ್ತು ಬಂದಿದೆ ಎಂದು ತಿಳಿದು, ಪೊರೆ ಕಳಚುವವರೆಗೆ ಕಾಯಿರಿ. ಆ ಒಂದೆರಡು ವಾರ ಹೆಚ್ಚಿನ ಹಾವುಗಳು ತಿನ್ನುವುದಿಲ್ಲ.

ಹನ್ನೊಂದನೆಯ ದಿನ, ಕತ್ತಲಾದ ಮೇಲೆ, ಮೊದಲು ತಿನ್ನುತ್ತಿದ್ದ ಇಲಿಮರಿಗಿಂತ ಒಂದು ಅಳತೆ ಚಿಕ್ಕದನ್ನು ಕೊಡಿ. ಹಾವಿನ ನಡುಮೈಯ ದಪ್ಪವನ್ನು ಅದು ಮೀರದಿರಲಿ. ಫ್ರೀಜರಿನಿಂದ ಬೆಳಿಗ್ಗೆಯೇ ತೆಗೆದು ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿಟ್ಟು ಕರಗಿಸಿ, ಸಂಜೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಿಸಿನೀರಿನಲ್ಲಿ ಅದ್ದಿಡಿ. ಮುಟ್ಟಿದರೆ ನಮ್ಮ ಮೈಬಿಸಿಗಿಂತ ತುಸು ಹೆಚ್ಚೆನಿಸಬೇಕು, ಒಳಗೆ ಮಂಜು ಉಳಿದಿರಬಾರದು. ಕುದಿಸಬೇಡಿ, ಮೈಕ್ರೋವೇವಿನಲ್ಲೂ ಇಡಬೇಡಿ, ಹೊಟ್ಟೆ ಒಡೆದೀತು. ಉದ್ದನೆಯ ಚಿಮುಟದಲ್ಲಿ ಹಿಡಿದು ಅಡಗುತಾಣದ ಬಾಯಿಯ ಬಳಿ ನಿಧಾನವಾಗಿ ಆಡಿಸಿ; ಎರಡು ನಿಮಿಷದಲ್ಲಿ ಹಿಡಿಯದಿದ್ದರೆ ಅಲ್ಲೇ ಇಟ್ಟು ದೀಪ ಆರಿಸಿ ಹೊರಗೆ ಬನ್ನಿ. ಬೆಳಿಗ್ಗೆ ಹಾಗೇ ಉಳಿದಿದ್ದರೆ ಎಸೆದು, ಮುಂದಿನ ಪ್ರಯತ್ನವನ್ನು ಒಂದು ವಾರದ ಮೇಲೆ ಮಾಡಿ. ಮೂರನೆಯ ಸಲಕ್ಕೂ ಒಲ್ಲೆನೆಂದರೆ ಸತ್ತ ಇಲಿಮರಿಯ ತಲೆಯನ್ನು ಸೂಜಿಯಿಂದ ಚುಚ್ಚಿ ಕೊಡುವುದುಂಟು. ಅಸಹ್ಯವೆನಿಸಿದರೂ, ಆ ವಾಸನೆಗೆ ಹಟ ಬಿಟ್ಟ ಹಾವುಗಳು ಬಹಳ. ತಿಂದರೆ ಎರಡು ದಿನ ಮುಟ್ಟಬೇಡಿ.

ಉಸಿರಾಡುವಾಗ ಸೀಟಿಯಂಥ ಸದ್ದು, ಬಾಯಿಯಲ್ಲಿ ನೊರೆ ಅಥವಾ ಕೀವು, ನಡುಮೈಯಲ್ಲಿ ಗಟ್ಟಿಯಾದ ಊತ, ನೀರಿನ ತಟ್ಟೆಯಲ್ಲಿ ತೇಲುವ ಕರಿಯ ಉಣ್ಣಿಗಳು, ಇವುಗಳಲ್ಲಿ ಯಾವುದೇ ಕಂಡರೂ ಮೇಲಿನ ಲೆಕ್ಕಗಳನ್ನೆಲ್ಲ ಬದಿಗಿಟ್ಟು ವೈದ್ಯರಲ್ಲಿಗೆ ಹೋಗಿ. ನಮ್ಮ ಕಡೆಯ ಆಸ್ಪತ್ರೆಗಳಿಗೆ ಬರುವುದು ಹೆಚ್ಚಾಗಿ ದನ, ಆಡುಗಳು. ಹಾವನ್ನು ನೋಡುವವರಿದ್ದಾರೆಯೇ ಎಂದು ಮೊದಲು ಫೋನಿನಲ್ಲಿ ಕೇಳಿಕೊಳ್ಳಿ, ಬೇಕಾದರೆ ಮಂಗಳೂರಿನಲ್ಲೂ ವಿಚಾರಿಸಿ. ಹಾವನ್ನು ಹತ್ತಿಯ ದಿಂಬಿನ ಚೀಲದಲ್ಲಿ ಕಟ್ಟಿ, ತೂತುಗಳಿರುವ ಡಬ್ಬಿಯಲ್ಲಿಡಿ. ಹೊಸ ಮಲ ಸಿಕ್ಕಿದರೆ ಅದನ್ನೂ ಒಯ್ಯಿರಿ.

ಪ್ರಶ್ನೆ: ಮಂಜೇಶ್ವರದಲ್ಲಿರುವ ನಮ್ಮ ಮನೆಯ ಮೂರು ವರ್ಷದ ಗಂಡು ಕಾರ್ನ್ ಸ್ನೇಕ್ ಕಳೆದ ವರ್ಷವೂ ಈ ವರ್ಷವೂ ಮಾರ್ಚ್, ಏಪ್ರಿಲ್‌ನಲ್ಲಿ ಊಟ ಬಿಟ್ಟು ರಾತ್ರಿಯಿಡೀ ಗಾಜಿಗೆ ಮೂಗು ಉಜ್ಜುತ್ತ ತಿರುಗಿತು. ಇದು ರೋಗವೇ? ಸಾಕಲಾಗದಿದ್ದರೆ ಬನಕ್ಕೆ ಬಿಡಿ ಎಂದು ಮಾವ ಹೇಳುತ್ತಾರೆ.

ಉತ್ತರ: ರೋಗವಲ್ಲ, ಅದು ಜೊತೆ ಹುಡುಕುವ ಕಾಲ. ಅಮೆರಿಕದಲ್ಲಿ ಈ ಹಾವುಗಳು ವಸಂತದಲ್ಲಿ ಕೂಡುತ್ತವೆ. ಬೆಳೆದ ಗಂಡುಗಳು ಸಾಕಿದ ಮನೆಯಲ್ಲೂ ಆ ತಿಂಗಳುಗಳಲ್ಲಿ ಹೀಗೆಯೇ ಇರುತ್ತವೆ. ತೂಕ ನಿಂತಲ್ಲೇ ನಿಂತಿದ್ದರೆ ಎರಡು ತಿಂಗಳ ಉಪವಾಸಕ್ಕೆ ಹೆದರಬೇಕಾಗಿಲ್ಲ. ಹದಿನೈದು ದಿನಕ್ಕೊಮ್ಮೆ ಮಾತ್ರ ಇಲಿ ಕೊಟ್ಟು ನೋಡಿ, ಮೂಗು ಗಾಯವಾಗದಂತೆ ಎದುರಿನ ಗಾಜಿಗೂ ಕಾಗದ ಅಂಟಿಸಿ. ಬನಕ್ಕೆ ಬಿಡುವ ಮಾತನ್ನು ಮಾವನವರು ಮರೆತುಬಿಡಲಿ. ಈ ನೆಲದ್ದಲ್ಲದ ಹಾವಿನ ರೋಗ ಇಲ್ಲಿನ ಹಾವುಗಳಿಗೆ ತಗಲಬಹುದು. ಕೆಂಪು ಮಚ್ಚೆಗಳ ಆ ಮೈಯನ್ನು ಕಂಡವರು ಕೊಳಕುಮಂಡಲವೆಂದು ಬಗೆದು ಹೊಡೆಯಲೂಬಹುದು. ಅದರ ಬದಲಿಗೆ ಕೇರೆಯನ್ನು ಹಿಡಿದು ಸಾಕೋಣ ಎಂದೂ ಯಾರಾದರೂ ಹೇಳಿಯಾರು. ಊರಿನ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಹಾಗೆ ಸಾಕುವುದು ಅಪರಾಧ. ಸಾಕಲಾಗದಿದ್ದರೆ ತಂದವರಿಗೇ ಹಿಂದಿರುಗಿಸಿ, ಇಲ್ಲವೆ ಅನುಭವವಿರುವ ಬೇರೊಬ್ಬ ಸಾಕಣೆದಾರರಿಗೆ ತೂಕ ಬರೆದಿಟ್ಟ ಪುಸ್ತಕದ ಸಮೇತ ಒಪ್ಪಿಸಿ.