ಮದುವೆಗೆ ಮುಂಚೆ ಗಾಯಕ್ಕೆ ಮದ್ದು: ಹೊಸದಾಗಿ ಬಂದ ತಂಗಿಗೆ

ತಂಗೀ, ನೀನು ಕೇಳಿದ್ದು ಇಷ್ಟು: ಪರದೇಶಕ್ಕೆ ಬಂದು ನಾಲ್ಕು ತಿಂಗಳಾಯಿತು, ನಿಶ್ಚಿತಾರ್ಥ ಮುರಿದ ನೋವು ಇನ್ನೂ ಆರಿಲ್ಲ, ರಾತ್ರಿ ನಿದ್ದೆ ಹತ್ತುವುದಿಲ್ಲ. ಚರ್ಚಿನಲ್ಲಿ ಪರಿಚಯವಾದ ಹುಡುಗ ಮದುವೆಯ ಮಾತೆತ್ತಿದ್ದಾನೆ. ಗುಣವಾಗುವ ತನಕ ಕಾಯಬೇಕಾ, ಮದುವೆಯಾದರೆ ಎಲ್ಲ ತಾನಾಗಿ ಸರಿಹೋಗುತ್ತಾ ಅಕ್ಕಾ, ಅಂತ.

ತಾನಾಗಿ ಸರಿಹೋಗುವುದಿಲ್ಲ. ಊರಿನಲ್ಲಾದರೆ ಅಮ್ಮ, ಚಿಕ್ಕಮ್ಮ, ಗೆಳತಿ, ಪಕ್ಕದ ಮನೆಯವರು ಸ್ವಲ್ಪ ಸ್ವಲ್ಪ ಹೊತ್ತುಕೊಳ್ಳುತ್ತಿದ್ದ ಭಾರವೆಲ್ಲ ಇಲ್ಲಿ ಗಂಡನೊಬ್ಬನ ತಲೆಗೆ ಬೀಳುತ್ತದೆ. ಅವನು ಎಷ್ಟೇ ಒಳ್ಳೆಯವನಾದರೂ ವೈದ್ಯನೂ ಪಾದ್ರಿಯೂ ತಾಯಿಯೂ ಒಟ್ಟಿಗೇ ಆಗಲಾರ. ಹಾಗಾಗಿ ಮೊದಲು ಸುತ್ತ ಜನ ಬೇಕು, ಜೊತೆಗೆ ಚಿಕಿತ್ಸೆ ಶುರುವಾಗಬೇಕು, ಮದುವೆಯ ದಿನ ಗೊತ್ತುಮಾಡುವುದು ಆಮೇಲೆ. ಪೂರ್ತಿ ಗುಣವಾಗುವವರೆಗೆ ಕಾಯಬೇಕಿಲ್ಲ. ನೋವಿನ ಹೆಸರು ಹೇಳಿ ಅದರ ಬಗ್ಗೆ ಅವನೊಡನೆ ಮಾತಾಡುವಷ್ಟಾದರೆ ಸಾಕು.

ಜನ ಸಿಗಬೇಕಾದರೆ ಒಂದೇ ಚರ್ಚಿಗೆ ಸತತವಾಗಿ ಎಂಟು ಭಾನುವಾರ ಹೋಗು. ಆರಾಧನೆ ಮುಗಿದ ಕೂಡಲೇ ಹೊರಡದೆ ಕಾಫಿ ಹೊತ್ತಿಗೆ ನಿಲ್ಲು. ಆದರೂ ನಿಜವಾದ ಒಡನಾಟ ಬೆಳೆಯುವುದು ವಾರದ ಮಧ್ಯೆ ಎಂಟು ಹತ್ತು ಜನ ಯಾರದ್ದಾದರೂ ಮನೆಯಲ್ಲಿ ಸೇರುವ ಸತ್ಯವೇದ ಗುಂಪಿನಲ್ಲಿ. ನಾಲ್ಕು ವಾರ ತಪ್ಪದೆ ಹೋದವಳು ಐದನೆಯ ವಾರ ಬರದಿದ್ದರೆ ಅಲ್ಲಿ ಯಾರಾದರೂ ಫೋನ್ ಮಾಡಿ ವಿಚಾರಿಸುತ್ತಾರೆ. ಅಳು ಬರುವುದು ತಾಯ್ನುಡಿಯಲ್ಲೇ, ಆದ್ದರಿಂದ ಕನ್ನಡದ ಪ್ರಾರ್ಥನಾ ಕೂಟವಿದ್ದರೆ ಬಿಡಬೇಡ. ಆದರೆ ಅದೊಂದನ್ನೇ ನೆಚ್ಚಬೇಡ. ಸಣ್ಣ ಬಳಗದಲ್ಲಿ ಹೇಳಿದ ಗುಟ್ಟು ಬೇಗ ಊರು ಮುಟ್ಟುತ್ತದೆ. ಮಾತ್ರೆ ನಿಲ್ಲಿಸು ಎನ್ನುವ, ಸ್ವಸ್ಥತೆಗೆ ಕಾಣಿಕೆ ಗೊತ್ತುಮಾಡುವ, ಎಲ್ಲರೆದುರು ಗಾಯ ಬಿಚ್ಚಿಡು ಎಂದು ಒತ್ತಾಯಿಸುವ ಜಾಗದಿಂದ ಅವತ್ತೇ ಎದ್ದು ಬಾ.

ಈಗ ಗಾಯದ ಮಾತು. ಬೇತ್ಸಥಾ ಕೊಳದ ದಡದಲ್ಲಿ 38 ವರ್ಷದಿಂದ ರೋಗಿಯಾಗಿದ್ದವನನ್ನು ಯೇಸುಸ್ವಾಮಿ ಮೊದಲು ಕೇಳಿದ್ದು, ಗುಣವಾಗುವ ಮನಸ್ಸಿದೆಯೇ ಎಂದು (ಯೋಹಾನ 5:6). ಯಾಕೋಬ 5:14-16ರಲ್ಲಿ ಕ್ರಮವೂ ಇದೆ: ಸಭೆಯ ಹಿರಿಯರನ್ನು ಕರೆಸಬೇಕು, ಅವರು ಎಣ್ಣೆ ಹಚ್ಚಿ ಪ್ರಾರ್ಥಿಸಬೇಕು, ಒಬ್ಬರಿಗೊಬ್ಬರು ತಪ್ಪು ಒಪ್ಪಿಕೊಳ್ಳಬೇಕು. ಇದನ್ನು ಕೇಳಿಕೊಳ್ಳಲು ಸಂಕೋಚ ಬೇಡ. ವೈದ್ಯರ ಬಳಿಗೆ ಹೋಗುವುದು ಅವಿಶ್ವಾಸವೂ ಅಲ್ಲ. ಸುವಾರ್ತೆ ಬರೆದ ಲೂಕನನ್ನು ಪೌಲನು ಪ್ರಿಯ ವೈದ್ಯ ಎಂದೇ ಕರೆದಿದ್ದಾನೆ. ನಿದ್ದೆ, ಊಟ, ಕೆಲಸದ ಮೇಲಿನ ಗಮನ ಎರಡು ವಾರಕ್ಕಿಂತ ಹೆಚ್ಚು ಕೆಟ್ಟಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಸಾಯುವ ಯೋಚನೆ ಬಂದರೆ ಒಂದು ಕ್ಷಣವೂ ಕಾಯಬೇಡ, ತುರ್ತು ಸಂಖ್ಯೆಗೆ ಕರೆ ಮಾಡು.

ಪ್ರಾರ್ಥಿಸಲು ಮಾತೇ ಹೊರಡದ ದಿನಗಳಿಗೆ 13ನೇ ಕೀರ್ತನೆ ತೆಗೆ. ಪುಟ್ಟದು. ಮೊದಲ ಎರಡು ವಚನ ಬರೀ ದೂರು, ಇನ್ನೆಷ್ಟು ದಿನ ನನ್ನನ್ನು ಮರೆಯುತ್ತೀ ಎಂದು. ಮುಂದಿನ ಎರಡು ಬೇಡಿಕೆ. ಕೊನೆಯಲ್ಲಿ ಭರವಸೆ. ಒಂದು ನೋಟ್‌ಬುಕ್ಕಿನ ಹಾಳೆಯನ್ನು ಮೂರು ಭಾಗ ಮಾಡಿ ಇದೇ ಕ್ರಮದಲ್ಲಿ ನಿನ್ನದನ್ನು ಬರಿ. ಮೇಲಿನ ಭಾಗ ತುಂಬಿ ಹಾಳೆಯ ಹಿಂದಕ್ಕೂ ಹರಿದು, ಕೆಳಗಿನ ಭಾಗ ಖಾಲಿ ಉಳಿದರೆ ಉಳಿಯಲಿ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಅದೂ ಪ್ರಾರ್ಥನೆಯೇ. ದಿನಾಂಕ ಹಾಕಿಡು, ಎರಡು ಮೂರು ತಿಂಗಳ ನಂತರ ತಿರುವಿ ನೋಡಿದಾಗ ಯಾವ ಭಾಗ ಬೆಳೆದಿದೆ ಅಂತ ನಿನಗೇ ಕಾಣುತ್ತದೆ. ಇಲ್ಲಿ ಆಗುವ ದೊಡ್ಡ ತಪ್ಪು ಅವಸರದ ಸಾಕ್ಷಿ. ಗಾಯ ಹಸಿಯಿರುವಾಗಲೇ ವೇದಿಕೆ ಹತ್ತಿ ನಾನು ಗುಣವಾದೆ ಅಂದವರು, ಮುಂದಿನ ತಿಂಗಳು ಮತ್ತೆ ಕುಸಿದಾಗ ಅದನ್ನು ಯಾರಿಗೂ ಹೇಳಲಾಗದೆ ಒಂಟಿಯಾಗುತ್ತಾರೆ.

ಕ್ಷಮೆಯ ಬಗ್ಗೆ ಒಂದು ಮಾತು. ಕ್ಷಮಿಸುವುದು, ರಾಜಿಯಾಗುವುದು, ಮತ್ತೆ ನಂಬುವುದು ಮೂರೂ ಬೇರೆ ಬೇರೆ. ಮೊದಲನೆಯದನ್ನು ನೀನೊಬ್ಬಳೇ ದೇವರ ಮುಂದೆ ಮಾಡಬಹುದು. ಎರಡನೆಯದಕ್ಕೆ ನೋಯಿಸಿದವನ ಪಶ್ಚಾತ್ತಾಪ ಬೇಕು, ಮೂರನೆಯದಕ್ಕೆ ಕಾಲ ಬೇಕು.

ಮದುವೆಗೆ ಮುಂಚೆ ಇಬ್ಬರೂ ಕೂತು ಹೇಳಿಕೊಳ್ಳಬೇಕಾದವು: ಸಾಲ, ಮನೆಗೆ ತಿಂಗಳಿಗೆ ಕಳಿಸುವ ಹಣ, ಕಾಯಿಲೆ ಮತ್ತು ಮಾತ್ರೆ, ಹಿಂದಿನ ಸಂಬಂಧ, ವೀಸಾದ ನಿಜಸ್ಥಿತಿ, ಮಕ್ಕಳು, ಯಾರ ಚರ್ಚು. ವೀಸಾ ಮುಗಿಯುತ್ತಿದೆ ಎಂಬುದೇ ದಿನ ಗೊತ್ತುಮಾಡುವ ಕಾರಣವಾಗಿದ್ದರೆ ಅದನ್ನು ಪಾದ್ರಿಯ ಮುಂದೆಯೇ ಹೇಳಿ ಚರ್ಚಿಸಿ. ಸಿದ್ಧತಾ ಶಿಬಿರ ತಪ್ಪಿಸಬೇಡಿ. ಮದುವೆಯಾದವರಿಗೂ ದಾರಿಗಳಿವೆ. ಲಂಡನ್ನಿನ ಹೋಲಿ ಟ್ರಿನಿಟಿ ಬ್ರಾಂಪ್ಟನ್ ಚರ್ಚಿನಲ್ಲಿ 1996ರಲ್ಲಿ ಶುರುವಾದ ಮ್ಯಾರೇಜ್ ಕೋರ್ಸ್ ಏಳು ಭೇಟಿಗಳದ್ದು. ಗುಂಪಿನ ಮುಂದೆ ಏನೂ ಹೇಳಬೇಕಿಲ್ಲ, ಜೋಡಿಗಳು ತಮ್ಮತಮ್ಮಲ್ಲೇ ಮಾತಾಡುತ್ತಾರೆ. ಸ್ಪೇನಿನ ಫಾದರ್ ಗೇಬ್ರಿಯಲ್ ಕಾಲ್ವೋ ಶುರುಮಾಡಿದ ಮ್ಯಾರೇಜ್ ಎನ್‌ಕೌಂಟರ್‌ನ ಪದ್ಧತಿ ಇನ್ನೂ ಸರಳ: ಹತ್ತು ನಿಮಿಷ ಇಬ್ಬರೂ ಬರೆಯುವುದು, ಬರೆದದ್ದನ್ನು ಅದಲುಬದಲು ಓದಿ ಹತ್ತು ನಿಮಿಷ ಮಾತಾಡುವುದು. ಮುರಿಯುವ ಅಂಚಿಗೆ ಬಂದ ಸಂಸಾರಗಳಿಗಾಗಿಯೇ 1977ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ರೆತ್ರುವಾಯ್ ಎಂಬ ಕಾರ್ಯಕ್ರಮ ಶುರುವಾಯಿತು.

ಮದುವೆಯಾದ ಮೇಲೆ ಜೊತೆಯಾಗಿ ಪ್ರಾರ್ಥಿಸಲು ಐದು ನಿಮಿಷ ಸಾಕು. ಅರ್ಧ ಗಂಟೆ ಎಂದು ಶುರುಮಾಡಿದ್ದು ವಾರದೊಳಗೆ ನಿಲ್ಲುತ್ತದೆ. ಒಂದು ಕೃತಜ್ಞತೆ, ಒಂದು ಬೇಡಿಕೆ, ಕರ್ತನ ಪ್ರಾರ್ಥನೆ, ಅಷ್ಟೇ. "ದೇವರೇ, ಇವರಿಗೆ ಸ್ವಲ್ಪ ತಾಳ್ಮೆ ಕೊಡಪ್ಪ" ಎಂದು ಗಂಡನ ಎದುರಿಗೇ ಪ್ರಾರ್ಥಿಸಬೇಡ. ಅದು ದೇವರಿಗೆ ಹೇಳಿದ್ದಲ್ಲ, ಗಂಡನಿಗೆ ಬೈದದ್ದು. ಮರುದಿನ ಅವನು ಪ್ರಾರ್ಥನೆಗೆ ಕೂರುವುದಿಲ್ಲ.

ಸೂರ್ಯ ಮುಳುಗುವ ಮುಂಚೆ ಸಿಟ್ಟು ತೀರಲಿ ಎಂಬ ಎಫೆಸ 4:26ನ್ನು ಹಿಡಿದುಕೊಂಡು ರಾತ್ರಿ ಒಂದು ಗಂಟೆಯವರೆಗೆ ಜಗಳ ಎಳೆಯುವವರಿದ್ದಾರೆ. ಎದೆ ಡವಡವ ಹೊಡೆದುಕೊಳ್ಳುವಾಗ ಕಿವಿ ಕೇಳುವುದಿಲ್ಲ. ಕಡಿಮೆಯೆಂದರೆ ಇಪ್ಪತ್ತು ನಿಮಿಷ ಬೇರೆ ಬೇರೆ ಕೂತು ಮತ್ತೆ ಬನ್ನಿ. ತಡವಾಗಿದ್ದರೆ "ನಾಳೆ ಸಂಜೆ ಏಳಕ್ಕೆ ಮಾತಾಡೋಣ" ಎಂದು ಹೊತ್ತು ಹೇಳಿ ಮಲಗಿ. ಹೊತ್ತು ಹೇಳದೆ ಎದ್ದು ಹೋಗುವುದೇ ಹೆಚ್ಚು ನೋಯಿಸುವುದು. ಮತ್ತಾಯ 18:15ರ ಕ್ರಮವನ್ನೂ ತಿರುವುಮುರುವು ಮಾಡಬೇಡ: ಮೊದಲು ಇಬ್ಬರೇ, ಆಮೇಲೆ ಒಬ್ಬಿಬ್ಬರು ಹಿರಿಯರು, ನಂತರ ಸಭೆ. ಜಗಳದ ಬಿಸಿಯಲ್ಲೇ ಅಮ್ಮನಿಗೆ ಫೋನ್ ಮಾಡಿದರೆ ನೀವು ರಾತ್ರಿಗೇ ರಾಜಿಯಾಗುತ್ತೀರಿ, ಅಮ್ಮನ ಮನಸ್ಸಿನಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ.

ಕೈಯೆತ್ತುವುದು, ಹೆದರಿಸುವುದು, ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು ಈ ಕ್ರಮದ ಹೊರಗಿನವು. ಅಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡಿಸುವುದು ಅಪಾಯ. ಹೊರಗೆ ಬಂದು ಪೊಲೀಸರಿಗೆ ಕರೆ ಮಾಡು. ಗಂಡನಿಗೆ ಅಧೀನಳಾಗಿರು ಎಂಬ ಎಫೆಸ 5:22ನ್ನು ತೋರಿಸಿ ತಡೆದುಕೋ ಎಂದವರಿಗೆ ಅದರ ಹಿಂದಿನ 5:21ನ್ನೂ ಮುಂದಿನ 5:25ನ್ನೂ ಓದಲು ಹೇಳು. ನಿನ್ನ ಪಾಸ್‌ಪೋರ್ಟ್ ಯಾವಾಗಲೂ ನಿನ್ನ ಕೈಯಲ್ಲೇ ಇರಲಿ.

ಕಾಗದಪತ್ರ ಮಾತ್ರ ಈಗಲೇ ಶುರುಮಾಡು, ನಿಧಾನವಾಗುವುದು ಅದೇ. ಕ್ಯಾಥೋಲಿಕರಾದರೆ ಹಳೆಯ ದೀಕ್ಷಾಸ್ನಾನದ ಪತ್ರ ನಡೆಯುವುದಿಲ್ಲ, ಸಾಮಾನ್ಯವಾಗಿ ಆರು ತಿಂಗಳೊಳಗಿನ ಹೊಸ ಪ್ರತಿ ಕೇಳುತ್ತಾರೆ. ಮದುವೆಯಾದರೆ ಅದನ್ನು ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲೇ ನಮೂದಿಸುವುದರಿಂದ, ಹೊಸ ಪ್ರತಿಯಲ್ಲಿ ನೀನು ಅವಿವಾಹಿತೆ ಎಂಬುದು ತಿಳಿಯುತ್ತದೆ. ಹುಡುಗ ಬೇರೆ ಸಭೆಯವನಾದರೆ ಬಿಷಪರ ಕಚೇರಿಯ ಅನುಮತಿಯೂ ಬೇಕು. ಪಾದ್ರಿ ಮಾಡಿಸಿದ ಮದುವೆ ಆ ದೇಶದ ಕಾನೂನಿಗೆ ಸಾಕೇ, ಬೇರೆ ನೋಂದಣಿ ಬೇಕೇ ಎಂದು ಮೊದಲ ಭೇಟಿಯಲ್ಲೇ ಕೇಳು. ದೀಕ್ಷಾಸ್ನಾನವಾದ ಚರ್ಚಿಗೆ ಬರೆಯುವಾಗ ಪೂರ್ತಿ ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ದಿನ, ಗೊತ್ತಿದ್ದರೆ ದೀಕ್ಷಾಸ್ನಾನದ ವರ್ಷ ಇಷ್ಟನ್ನೂ ಒಂದೇ ಪತ್ರದಲ್ಲಿ ಕಳಿಸು.