ರೂಲೆಟ್: ಪಣವನ್ನು ಇಮ್ಮಡಿ ಮಾಡುತ್ತ ಹೋದರೆ ಗೆಲುವು ಖಚಿತವೇ?

ಪ್ರಶ್ನೆ: ನಾವು ನಾಲ್ವರು ಸ್ನೇಹಿತರು ಮುಂದಿನ ತಿಂಗಳು ಗೋವಾ ಪ್ರವಾಸಕ್ಕೆ ಹೊರಟಿದ್ದು, ಪಣಜಿಯ ಕ್ಯಾಸಿನೊ ನೋಡುವ ಆಸೆಯೂ ಇದೆ. ರೂಲೆಟ್ ಆಡುವುದು ಹೇಗೆ? ಸೋತಾಗಲೆಲ್ಲ ಪಣವನ್ನು ಎರಡು ಪಟ್ಟು ಮಾಡುತ್ತ ಹೋದರೆ ಕೊನೆಗೆ ಗೆದ್ದೇ ಗೆಲ್ಲುತ್ತೇವೆ ಎಂದು ನಮ್ಮಲ್ಲೊಬ್ಬನು ವಾದಿಸುತ್ತಾನೆ. ಇದು ನಿಜವೇ?
– ಓದುಗರು, ತಿಪಟೂರು

ಉತ್ತರ (ಸಂಖ್ಯಾಶಾಸ್ತ್ರ ಅಧ್ಯಾಪಕರು, ತುಮಕೂರು):

ಆಟದ ಕ್ರಮ ಸರಳವಾಗಿದೆ. ತಿರುಗುವ ಚಕ್ರದಲ್ಲಿ ಉರುಳಿಬಿಟ್ಟ ಚೆಂಡು ಯಾವ ಮನೆಯಲ್ಲಿ ನಿಲ್ಲುತ್ತದೆ ಎಂದು ಊಹಿಸಿ ಪಣ ಇಡಬೇಕು. ಯುರೋಪಿಯನ್ ಮಾದರಿಯ ಚಕ್ರದಲ್ಲಿ 1ರಿಂದ 36ರವರೆಗಿನ ಅಂಕಿಗಳ ಜೊತೆಗೆ ಹಸಿರು ಬಣ್ಣದ ಒಂದು ಸೊನ್ನೆ ಸೇರಿ 37 ಮನೆಗಳಿರುತ್ತವೆ. ಅಮೆರಿಕನ್ ಮಾದರಿಯಲ್ಲಿ ಜೋಡಿ ಸೊನ್ನೆಯ ಇನ್ನೊಂದು ಮನೆ ಸೇರಿ 38 ಆಗುತ್ತವೆ. ಮೇಜಿನ ಬಳಿ ಹಣ ಕೊಟ್ಟರೆ ಡೀಲರ್ ನಿಮಗೆ ಒಂದು ಬಣ್ಣದ ಚಿಪ್‌ಗಳನ್ನು ಕೊಡುತ್ತಾರೆ. ಯಾರ ಪಣ ಯಾವುದೆಂದು ಗೊಂದಲವಾಗದಿರಲೆಂದು ಪ್ರತಿ ಆಟಗಾರನಿಗೂ ಬೇರೆ ಬೇರೆ ಬಣ್ಣವಿರುತ್ತದೆ. ಏಳುವ ಮುನ್ನ ಅವನ್ನು ಅದೇ ಮೇಜಿನಲ್ಲಿ ಬದಲಾಯಿಸಿಕೊಳ್ಳಬೇಕು. ಚೆಂಡು ಇಳಿಯುವ ಹೊತ್ತಿಗೆ ಡೀಲರ್ ಪಣ ಸಾಕೆಂದು ಸೂಚಿಸುತ್ತಾರೆ. ಆ ಬಳಿಕ ಚಿಪ್ಪನ್ನು ಮುಟ್ಟುವಂತಿಲ್ಲ.

ಒಂದೇ ಅಂಕಿಯ ಮೇಲೆ ಇಟ್ಟ ಪಣ ಗೆದ್ದರೆ 35 ಪಟ್ಟು, ಎರಡು ಅಂಕಿಗಳ ನಡುವಿನ ಗೆರೆಯ ಮೇಲಿಟ್ಟದ್ದಕ್ಕೆ 17 ಪಟ್ಟು, ನಾಲ್ಕು ಅಂಕಿಗಳು ಕೂಡುವ ಮೂಲೆಗೆ 8 ಪಟ್ಟು, ಹನ್ನೆರಡು ಅಂಕಿಗಳ ಗುಂಪಿಗೆ 2 ಪಟ್ಟು, ಕೆಂಪು–ಕಪ್ಪು ಅಥವಾ ಸರಿ–ಬೆಸಕ್ಕೆ ಪಣದಷ್ಟೇ ಹಣ ಸಿಗುತ್ತದೆ; ಗೆದ್ದಾಗ ಮೂಲ ಪಣವೂ ಹಿಂದಿರುಗುತ್ತದೆ. ಈಗ 37 ಮನೆಗಳ ಮೇಲೂ ತಲಾ 100 ರೂಪಾಯಿ ಇಟ್ಟಿರೆಂದು ಭಾವಿಸಿ. ನೀವು ಹೂಡಿದ್ದು 3,700. ಯಾವ ಅಂಕಿ ಬಂದರೂ ಕೈಗೆ ಬರುವುದು 3,600. ಉಳಿದ 100 ರೂಪಾಯಿ, ಅಂದರೆ ಶೇಕಡ 2.7, ಕ್ಯಾಸಿನೊದ ಪಾಲು. ಜೋಡಿ ಸೊನ್ನೆಯ ಚಕ್ರದಲ್ಲಿ ಅದು ಶೇಕಡ 5.26ಕ್ಕೆ ಏರುವುದರಿಂದ, ಕುಳಿತುಕೊಳ್ಳುವ ಮುನ್ನ ಸೊನ್ನೆಗಳನ್ನು ಎಣಿಸುವುದು ಅಗತ್ಯ. ನಿಮ್ಮೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ಧಾರಣೆ ಏರಲಿ, ಇಳಿಯಲಿ, ದಲ್ಲಾಳಿಯ ಕಮಿಷನ್ ನಿಲ್ಲದಂತೆ, ಈ ಪಾಲೂ ಯಾರು ಗೆದ್ದರೂ ನಿಲ್ಲುವುದಿಲ್ಲ.

ನಿಮ್ಮ ಸ್ನೇಹಿತರು ಹೇಳುವ ಉಪಾಯ ಹಳೆಯದು. ಅದಕ್ಕೆ ಮಾರ್ಟಿಂಗೇಲ್ ಎಂಬ ಹೆಸರಿದೆ. ಕೆಂಪಿನ ಮೇಲೆ 100 ರೂಪಾಯಿಯಿಂದ ಆರಂಭಿಸಿ ಸತತ ಏಳು ಸಲ ಸೋತರೆ 100, 200, 400 ಎಂದು ಏರುತ್ತ 6,400ರವರೆಗೆ ಹೋಗಿ, ಒಟ್ಟು 12,700 ರೂಪಾಯಿ ಕೈಬಿಟ್ಟಿರುತ್ತದೆ. ಎಂಟನೆಯ ಪಣ 12,800. ಅದನ್ನು ಗೆದ್ದರೂ ಒಟ್ಟು ಲಾಭ ಕೇವಲ 100 ರೂಪಾಯಿ! ಇಷ್ಟಕ್ಕೂ ಪ್ರತಿ ಮೇಜಿಗೂ ಗರಿಷ್ಠ ಪಣದ ಮಿತಿ ಇರುತ್ತದೆ. ಅದು 10,000 ಆಗಿದ್ದರೆ ಎಂಟನೆಯ ಪಣವನ್ನು ಇಡಲು ಬಿಡುವುದೇ ಇಲ್ಲ. 100 ರೂಪಾಯಿಯಿಂದ ಆರಂಭಿಸಿ ಒಮ್ಮೆ ಗೆಲ್ಲುವವರೆಗೆ ಅಥವಾ ಸತತ ಏಳು ಸಲ ಸೋಲುವವರೆಗೆ ಆಡುವುದನ್ನು ಒಂದು ಸರಣಿ ಎನ್ನೋಣ. ಒಂದೇ ಸೊನ್ನೆಯ ಚಕ್ರದಲ್ಲಿ ಇಂತಹ ಏಳು ಸೋಲುಗಳ ಸಾಲು ಸರಾಸರಿ 106 ಸರಣಿಗಳಲ್ಲಿ ಒಮ್ಮೆ ಬರುತ್ತದೆ. ಉಳಿದ 105 ಸರಣಿಗಳಲ್ಲಿ ಗಳಿಸಿದ್ದು 10,500. ಆ ಒಂದರಲ್ಲಿ ಕಳೆದದ್ದು 12,700. ಸಣ್ಣ ಗೆಲುವುಗಳು ಪದೇಪದೇ ಬರುವುದರಿಂದಲೇ ಈ ಉಪಾಯ ಫಲಿಸುತ್ತಿದೆ ಎಂಬ ನಂಬಿಕೆ ಬೆಳೆಯುತ್ತದೆ, ಮತ್ತು ಅದೇ ನನಗೆ ಆತಂಕ ಹುಟ್ಟಿಸುವ ಸಂಗತಿ.

‘ಇಷ್ಟು ಸಲ ಕಪ್ಪು ಬಂದಿದೆ, ಇನ್ನು ಕೆಂಪು ಬರಲೇಬೇಕು’ ಎಂಬ ಮಾತನ್ನೂ ಅಲ್ಲಿ ಕೇಳುತ್ತೀರಿ. 1913ರ ಆಗಸ್ಟ್ 18ರಂದು ಮೊನಾಕೊ ದೇಶದ ಮಾಂಟೆ ಕಾರ್ಲೊ ಕ್ಯಾಸಿನೊದಲ್ಲಿ ಸತತವಾಗಿ 26 ಸಲ ಕಪ್ಪು ಬಂದು, ಕೆಂಪನ್ನು ನಂಬಿ ಪಣ ಏರಿಸುತ್ತ ಹೋದವರು ಅಪಾರ ಹಣ ಕಳೆದುಕೊಂಡರು. ಹಿಂದಿನ ಸುತ್ತಿನ ನೆನಪು ಚೆಂಡಿಗಿಲ್ಲ. ಕಳೆದ ಸುತ್ತುಗಳ ಅಂಕಿಗಳನ್ನು ತೋರಿಸುತ್ತ ಮೇಜಿನ ಪಕ್ಕದಲ್ಲಿ ನಿಂತಿರುವ ಫಲಕದಷ್ಟು ದಾರಿ ತಪ್ಪಿಸುವ ವಸ್ತು ಅಲ್ಲಿ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಪಣಜಿಯ ಮಾಂಡೋವಿ ನದಿಯ ಹಡಗುಗಳಲ್ಲಿರುವ ಕ್ಯಾಸಿನೊಗಳಿಗೆ ಪರವಾನಗಿ ಇದೆ; ಪ್ರವೇಶಕ್ಕೆ 21 ವರ್ಷ ತುಂಬಿರಬೇಕು. ಅಭ್ಯಾಸಕ್ಕೆಂದು ಹಣ ಕಟ್ಟಿ ಆಡಿಸುವ ಆಪ್‌ಗಳನ್ನು ಮಾತ್ರ ಬಳಸಬೇಡಿ. ಅಂತಹ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ನೀಡಿದೆ. ಬದಲಾಗಿ 18 ಕೆಂಪು, 18 ಕಪ್ಪು, ಒಂದು ಹಸಿರು ಚೀಟಿಯನ್ನು ಡಬ್ಬಿಯಲ್ಲಿ ಹಾಕಿ, ಒಂದೊಂದಾಗಿ ಎತ್ತುತ್ತ, ನಿಮ್ಮ ಸ್ನೇಹಿತರ ಇಮ್ಮಡಿ ಲೆಕ್ಕವನ್ನು ಕಾಗದದ ಮೇಲೆ ಬರೆಯುತ್ತ ಒಂದು ಸಂಜೆ ಆಡಿ ನೋಡಿ. ಎತ್ತಿದ ಚೀಟಿಯನ್ನು ಪ್ರತಿ ಸಲವೂ ಡಬ್ಬಿಗೆ ಮರಳಿ ಹಾಕಿ ಕಲಕಬೇಕು, ಏಕೆಂದರೆ ಚಕ್ರದಲ್ಲಿ ಪ್ರತಿ ಸುತ್ತಿಗೂ 37 ಮನೆಗಳೂ ಇರುತ್ತವೆ.